ಮುರಿಯದ ಮುದ್ರೆ

ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರರನ್ನು ಪೇಟೆಯವರು ಹೆಸರು ಹಿಡಿದು ಕರೆದದ್ದೇ ಇಲ್ಲ. ಎದುರಿಗೆ ‘ತಕ್ಕಡಿ ಸಾಹೇಬರು’, ಬೆನ್ನ ಹಿಂದೆ ‘ಗ್ರಹಣ’. ಅವರ ಕಂದು ಪೆಟ್ಟಿಗೆ ಬೀದಿಯ ಈ ತುದಿಯಲ್ಲಿ ಕಂಡಿತೆಂದರೆ ಆ ತುದಿಯ ಈರುಳ್ಳಿ ವ್ಯಾಪಾರಿ ತಕ್ಕಡಿಯ ಅಡಿಯಿಂದ ಏನನ್ನೋ ಕಿತ್ತು ಜೇಬಿಗಿಳಿಸಿ ದೇವರಂಥ ಮುಖ ಮಾಡಿಕೊಂಡು ನಿಲ್ಲುತ್ತಿದ್ದ. ಆದರೆ ಸಾಹೇಬರು ಮುಖ ನೋಡುವವರಲ್ಲ. ಯಂತ್ರದ ಪರದೆಯ ಮೇಲಿನ ಅಂಕಿಯನ್ನೂ ಮೊದಲಿಗೆ ನೋಡುತ್ತಿರಲಿಲ್ಲ. ಅಂಗಡಿಗೆ ಬಂದವರೇ ಮೊದಲು ತಟ್ಟೆಯನ್ನೆತ್ತಿ ಅದರ ಕೆಳಗೆ ಬೆರಳಾಡಿಸುತ್ತಿದ್ದರು. ಅಲ್ಲಿ ಅಯಸ್ಕಾಂತವಿದೆಯೆ, ಮೇಣದುಂಡೆಯಿದೆಯೆ, ಕಾಲಿನಿಂದ ಜಗ್ಗಲು ಕಟ್ಟಿದ ದಾರವಿದೆಯೆ ಎಂದು ಅವರ ತೋರುಬೆರಳಿಗೆ ಕಣ್ಣಿಗಿಂತ ಚೆನ್ನಾಗಿ ತಿಳಿಯುತ್ತಿತ್ತು. ಆಮೇಲೆ ಹಿತ್ತಾಳೆಯ ತೂಕದ ಬಟ್ಟುಗಳನ್ನು ಮೆತ್ತನೆಯ ಚರ್ಮದ ತುಂಡಿನಿಂದ ಒರೆಸಿ, ತಟ್ಟೆಯ ನಾಲ್ಕು ಮೂಲೆಗೆ ಒಮ್ಮೊಮ್ಮೆ, ನಡುವೆ ಒಮ್ಮೆ ಇಟ್ಟು ತೂಗುವರು. ಐದು ಸಲವೂ ಅಂಕಿ ಒಂದೇ ಬಂದರೆ ತಂತಿ ಪೋಣಿಸಿ, ಸೀಸದ ಬಿಲ್ಲೆ ಕೂಡಿಸಿ, ಇಕ್ಕಳದಿಂದ ಒತ್ತಿ ಮುದ್ರೆ ಹಾಕುವರು.

ಇಪ್ಪತ್ತಾರು ವರ್ಷಗಳಲ್ಲಿ ಅವರು ಎರಡು ಮಾತನ್ನು ಸಾವಿರಾರು ಸಲ ಹೇಳಿದ್ದರು. ಮೊದಲನೆಯದು, ‘ತಟ್ಟೆ ಎತ್ತಿ ನೋಡು, ಆಮೇಲೆ ನಂಬು.’ ಎರಡನೆಯದು, ‘ಮುದ್ರೆ ಮುರಿಯದಿದ್ದರೆ ಒಳಗೆ ಮೋಸವಿಲ್ಲ.’ ಮೊದಲನೆಯದು ಎಚ್ಚರದ ಮಾತು, ಎರಡನೆಯದು ನಂಬಿಕೆಯ ಮಾತು. ಒಂದು ದಿನ ಈ ಎರಡೂ ಒಂದಕ್ಕೊಂದು ತಿರುಗಿ ನಿಂತಾವೆಂದು ಯಾರಿಗೂ ಹೊಳೆದಿರಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ.

ಈಚಿನ ತಕ್ಕಡಿಗಳಲ್ಲಿ ಇನ್ನೊಂದು ಏರ್ಪಾಡು ಬಂದಿತ್ತು. ಪ್ರತಿ ಯಂತ್ರಕ್ಕೂ ಎಂಟು ಅಂಕಿಯ ಗುಟ್ಟಿನ ಸಂಖ್ಯೆ. ಯಂತ್ರದ ಗುಂಡಿಗಳ ಮೇಲೆ ಆ ಸಂಖ್ಯೆ ಒತ್ತಿದರೆ ಸಾಕು, ಮುದ್ರೆಯನ್ನು ಮುಟ್ಟದೆಯೇ ಅದರ ಲೆಕ್ಕವನ್ನು ತಿದ್ದಬಹುದು. ಈ ಸಂಖ್ಯೆಗಳು ಕಚೇರಿಯ ಉಕ್ಕಿನ ಬೀರುವಿನಲ್ಲಿರುವ ಪುಸ್ತಕದಲ್ಲಲ್ಲದೆ ಬೇರೆಲ್ಲೂ ಇರಕೂಡದೆಂಬುದು ನಿಯಮ. ಆದರೆ ಬೀರುವಿನ ಬೀಗದ ಕೈ ಗೋಡೆಯ ಮೊಳೆಗೆ ತೂಗುಬಿದ್ದಿರುವುದು ಜವಾನನಿಗೆ ಗೊತ್ತು, ಟೀ ತರುವವನಿಗೆ ಗೊತ್ತು, ಗೋಡೆಯ ಹಲ್ಲಿಗೂ ಗೊತ್ತು. ಹೀಗಾಗಿ ಸಾಹೇಬರು ತಮ್ಮ ವ್ಯಾಪ್ತಿಯ ಇನ್ನೂರ ಹದಿನಾಲ್ಕು ತಕ್ಕಡಿಗಳ ಸಂಖ್ಯೆಯನ್ನು ಮನೆಯ ಲ್ಯಾಪ್‌ಟಾಪಿಗೆ ನಕಲು ಮಾಡಿಕೊಂಡು, ಪುಸ್ತಕದ ಆ ಹಾಳೆಗಳನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿಬಿಟ್ಟರು. ತಮ್ಮ ಮನೆಗಿಂತ ಭದ್ರವಾದ ಜಾಗ ಇನ್ನೆಲ್ಲಿದೆ ಎಂದು ಅವರ ಎಣಿಕೆ. ಪ್ರಾಮಾಣಿಕನಾದವನು ಎಲ್ಲರ ಮೇಲೂ ಸಂಶಯಪಡುತ್ತಾನೆ, ತನ್ನೊಬ್ಬನನ್ನು ಬಿಟ್ಟು.

ಅದೇ ಲ್ಯಾಪ್‌ಟಾಪಿನಲ್ಲಿ ಅವರು ದಿನವೂ ಸಂಜೆ ಆರೂವರೆಯಿಂದ ಎಂಟರವರೆಗೆ ಬಂದೂಕಿನ ಆಟ ಆಡುತ್ತಿದ್ದರು.

ಐವತ್ತಮೂರರ ಮನುಷ್ಯನಿಗೆ ಇದೇನು ಹುಡುಗಾಟ ಎಂದು ನಗುವುದಕ್ಕೆ ಮೊದಲು ಕಾರಣ ಕೇಳಬೇಕು. ಅವರ ಒಬ್ಬಳೇ ಮಗಳು ಓದಲೆಂದು ಬೇರೆ ಊರಿಗೆ ಹೋಗಿ ಎರಡು ವರ್ಷವಾಗಿತ್ತು. ಫೋನಿನಲ್ಲಿ ಅವಳ ಮಾತು ತಂತಿ ಸಂದೇಶದಂತೆ. “ಊಟ ಆಯ್ತಾ ಪುಟ್ಟೀ?” “ಆಯ್ತು.” “ಓದು ಹೇಗಿದೆ?” “ಇದೆ.” ಅಷ್ಟಕ್ಕೆ ಮುಗಿಯಿತು. ಒಂದು ಸಂಜೆ ಅವಳ ಆಟದ ನಾಲ್ವರ ತಂಡದಲ್ಲಿ ಒಬ್ಬಳು ಕೈಕೊಟ್ಟಾಗ, “ಅಪ್ಪಾ, ಸುಮ್ನೆ ಕೂತಿದ್ರೆ ನೀನೇ ಬಾ, ನಿಂತ್ಕೊಳ್ಳೋಕೆ ಒಂದು ಆಳು ಬೇಕು” ಎಂದು ತಮಾಷೆಗೆ ಕರೆದಳು. ಇವರು ಹೋಗಿ ನಿಂತರು. ಅಂದಿನಿಂದ ಅವರಿಗೆ ಮಗಳು ಮರಳಿ ಸಿಕ್ಕಳು. ಆಟದಲ್ಲಿ ಗುಂಡು ಹಾರುವ ನಡುನಡುವೆ ಅವಳು ಹಲ್ಲುನೋವಿನ ಸಂಗತಿ, ಕೊಠಡಿಯ ಗೆಳತಿಯ ಗೊರಕೆ, ಯಾವನೋ ಉಪನ್ಯಾಸಕನ ಪಕ್ಷಪಾತ, ಎಲ್ಲವನ್ನೂ ಹೇಳುತ್ತಿದ್ದಳು. “ಅಪ್ಪಾ, ಎಡಗಡೆ ಬಂದ, ಬಗ್ಗು! ಹಾಂ, ಆಮೇಲೆ ಏನಾಯ್ತು ಗೊತ್ತಾ...” ಈ ‘ಆಮೇಲೆ ಏನಾಯ್ತು ಗೊತ್ತಾ’ ಎಂಬ ಮಾತಿಗಾಗಿ ತಂದೆಯಾದವನು ಯಾವ ಯುದ್ಧಕ್ಕೂ ಹೊರಟಾನು.

ತೊಂದರೆಯೆಂದರೆ, ಪ್ರತಿ ಯುದ್ಧದಲ್ಲೂ ಮೊದಲು ಸಾಯುವವರು ಇವರೇ. ಅವಳ ಸಹಪಾಠಿಯೊಬ್ಬ ಆಟದಲ್ಲಿ ‘ಮೊಸಳೆ’ ಎಂಬ ಹೆಸರಿಟ್ಟುಕೊಂಡಿದ್ದ. ಅವನು ಗಡಿಯಾರದಂತೆ ಸಾರುತ್ತಿದ್ದ: “ಆರು ಮೂವತ್ತೆರಡು. ಅಂಕಲ್ ಸತ್ರು.”

ಕಾಲೇಜುಗಳ ನಡುವಿನ ಪಂದ್ಯಾವಳಿ ಬಂತು. ತಂಡದವರ ಮನೆಮಂದಿಯೂ ಆಡಬಹುದೆಂಬ ನಿಯಮವಿದ್ದುದರಿಂದ ಇವರ ಹೆಸರೂ ಪಟ್ಟಿಯಲ್ಲಿತ್ತು. ಮೊದಲ ಸುತ್ತನ್ನು ಕೂದಲೆಳೆಯಲ್ಲಿ ಗೆದ್ದ ಮೇಲೆ ಸಾಹೇಬರು ನೀರು ಕುಡಿಯಲು ಎದ್ದರು. ಅವರು ಹೊರಟುಹೋದರೆಂದು ತಿಳಿದು ಮೊಸಳೆ ಬಾಯಿ ಬಿಟ್ಟ.

“ನಿಮ್ಮಪ್ಪ ಬಂಗಾರದಂಥ ಮನುಷ್ಯ ಕಣೇ. ಆದ್ರೆ ಬಂಗಾರ ಹೊತ್ಕೊಂಡು ಓಡೋಕಾಗಲ್ಲ. ಭಾರ.”

“ಇನ್ನೊಂದು ವಾರ ನೋಡೋಣ” ಎಂದಳು ಮಗಳು.

ತಂಬಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದ ಸಾಹೇಬರಿಗೆ ಲ್ಯಾಪ್‌ಟಾಪಿನಿಂದ ಇದು ಕೇಳಿಸಿತು. ಭಾರ! ಜೀವಮಾನವೆಲ್ಲ ಭಾರ ಅಳೆದವರಿಗೆ ತಮ್ಮ ಭಾರ ಅಂದು ತಿಳಿಯಿತು. ಇನ್ನೊಂದು ವಾರ, ಆಮೇಲೆ ಸಂಜೆಯ ಆರೂವರೆ ಬರುತ್ತದೆ, ‘ಆಮೇಲೆ ಏನಾಯ್ತು ಗೊತ್ತಾ’ ಎನ್ನುವ ದನಿ ಬರುವುದಿಲ್ಲ.

ಮರುದಿನ ಆಟದೊಳಗೇ ಅವರಿಗೊಂದು ಸಂದೇಶ ಬಂತು. ಕಳಿಸಿದವನ ಹೆಸರು ‘ಹಿತೈಷಿ’. ‘ಹಿರಿಯರೇ, ನಿಮ್ಮ ಆಟ ನೋಡಿದೆ. ಬುದ್ಧಿ ಚುರುಕಾಗಿದೆ, ಕೈ ನಿಧಾನ. ಅದು ವಯಸ್ಸಿನ ತಪ್ಪು, ನಿಮ್ಮದಲ್ಲ. ಕೊರತೆ ತುಂಬಿಕೊಳ್ಳುವುದು ಮೋಸವಲ್ಲ, ನ್ಯಾಯ.’ ಅದರ ಕೆಳಗೆ ಒಂದು ಕೊಂಡಿ. ಆಟ ಮಾಡಿದ ಕಂಪನಿ ಒಪ್ಪದ, ಯಾರೋ ಹೊರಗಿನವರು ಕೂತು ಬರೆದು ಆಟಕ್ಕೆ ಅಂಟಿಸುವ ತುಣುಕು ಅದು. ಹುಡುಗರು ಇಂಥದಕ್ಕೆ ‘ಮಾಡ್’ ಎನ್ನುತ್ತಾರೆ. ಕೆಲವು ಮಾಡ್‌ಗಳು ಬಂದೂಕಿಗೆ ಬಣ್ಣ ಬಳಿಯುವಷ್ಟಕ್ಕೆ ಇರುತ್ತವೆ. ಇದು ಗೋಡೆಯಾಚೆ ನಿಂತ ಎದುರಾಳಿಯನ್ನು ತೋರಿಸುವಂಥದು.

ನೋಡಿ, ಪಾಪವೆಂಬುದು ಎಷ್ಟು ಸಭ್ಯವಾಗಿ ಬಾಗಿಲು ತಟ್ಟುತ್ತದೆ! ‘ಹಿರಿಯರೇ’ ಎನ್ನುತ್ತದೆ, ‘ನ್ಯಾಯ’ ಎನ್ನುತ್ತದೆ.

ಸಾಹೇಬರು ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಮತ್ತೆ ಆರು ಮೂವತ್ತೆರಡಕ್ಕೆ ಸತ್ತರು. ಮೊಸಳೆ ಈ ಸಲ ಸಮಯವನ್ನೂ ಹೇಳಲಿಲ್ಲ. ಆ ಮೌನವನ್ನು ತಾಳಲಾರದೆ ಅವರು ಕೊಂಡಿಯನ್ನು ಒತ್ತಿದರು. ತೆರೆದ ಪುಟದಲ್ಲಿ ಹಸಿರು ವೃತ್ತ, ಅದರೊಳಗೆ ಟಿಕ್ ಗುರುತು, ಸುತ್ತಲೂ ‘ಪರೀಕ್ಷಿಸಲಾಗಿದೆ, ಸುರಕ್ಷಿತ’ ಎಂಬ ಬರಹ. ಮುದ್ರೆ! ಬೇರೆಯವರಾಗಿದ್ದರೆ ಹಿಂಜರಿಯುತ್ತಿದ್ದರೇನೋ, ಮುದ್ರೆ ಹಾಕಿಯೇ ಬದುಕಿದ ಮನುಷ್ಯನ ಮನಸ್ಸು ಮುದ್ರೆ ಕಂಡೊಡನೆ ಹಗುರಾಯಿತು. ಆ ಗುರುತನ್ನು ಒತ್ತಿದವರು ಯಾರು, ಯಾವ ಇಕ್ಕಳದಿಂದ ಎಂದು ಅವರು ಕೇಳಲಿಲ್ಲ. ‘ಅಳವಡಿಸುವಾಗ ಯಂತ್ರದ ಕಾವಲನ್ನು ಹತ್ತು ನಿಮಿಷ ನಿಲ್ಲಿಸಿ’ ಎಂದಿತ್ತು. ವೈರಸ್ಸು ತಡೆಯಲು ಮಗಳೇ ಹಾಕಿಕೊಟ್ಟಿದ್ದ ಕಾವಲನ್ನು ಅವರು ತಮ್ಮ ಕೈಯಾರೆ ಮಲಗಿಸಿದರು. ಇಪ್ಪತ್ತಾರು ವರ್ಷ ಪರರ ತಟ್ಟೆಯನ್ನೆಲ್ಲ ಎತ್ತಿ ನೋಡಿದ ಬೆರಳು ಆ ಹತ್ತು ನಿಮಿಷ ಅವರ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು.

ಅಂದು ಸಂಜೆ ಆಟದ ಗೋಡೆಗಳೆಲ್ಲ ಗಾಜಾದವು. ಇಟ್ಟಿಗೆಯಾಚೆ, ಕಬ್ಬಿಣದ ಕದದಾಚೆ ಕೆಂಪು ರೇಖೆಯ ಮನುಷ್ಯರು ತಮ್ಮನ್ನು ಯಾರೂ ಕಾಣರೆಂಬ ಧೈರ್ಯದಲ್ಲಿ ಕುಳಿತಿದ್ದರು. ಸಾಹೇಬರು ಕಾದು, ಅವರು ಹೊರಬಂದ ಗಳಿಗೆಯಲ್ಲೇ ಹೊಡೆದರು. ಏಳು ಜನ.

“ಅಪ್ಪಾ!” ಮಗಳು ಕಿರುಚಿದಳು. “ಏನಾಯ್ತು ನಿನಗೆ ಇವತ್ತು?”

“ಅಂಕಲ್, ಕಾಲು ಎಲ್ಲಿದೆ ಹೇಳಿ, ಬಿದ್ದುಬಿಡ್ತೀನಿ” ಎಂದ ಮೊಸಳೆ.

“ಅಭ್ಯಾಸ ಕಣಪ್ಪಾ, ಅಭ್ಯಾಸ” ಎಂದರು ಸಾಹೇಬರು. ಮೊದಲ ಸುಳ್ಳು ಎಷ್ಟು ತೂಗುತ್ತದೆ? ಒಂದು ಸಾಸಿವೆ ಕಾಳಿನಷ್ಟು. ಯಾರ ಅಕ್ಕಿಯಲ್ಲೂ ಒಂದು ಕಾಳು ಕಡಿಮೆಯಾಗಿಲ್ಲ, ಇದು ಬರೀ ಆಟ ಎಂದು ಅವರು ತಮಗೆ ತಾವೇ ಹೇಳಿಕೊಂಡರು. ಇದೇ ಮಾತನ್ನು ಈರುಳ್ಳಿಯವನು ಹೇಳಿದ್ದರೆ, ‘ಕದ್ದದ್ದು ಸಾಸಿವೆಯಾದರೂ ಕೈ ಕಳ್ಳನದೇ’ ಎಂದು ಗದರಿಸಿ ಅವನ ತಕ್ಕಡಿಯನ್ನು ಜಪ್ತಿ ಮಾಡುತ್ತಿದ್ದರು.

ಹತ್ತು ದಿನ ತಂಡ ಗೆಲ್ಲುತ್ತಲೇ ಹೋಯಿತು. ಕೊನೆಯ ಎಂಟು ತಂಡಗಳಲ್ಲಿ ಒಂದಾಯಿತು. ಆ ಹತ್ತು ದಿನಗಳಲ್ಲಿ ಮನೆಯೊಳಗೆ ಸಣ್ಣಪುಟ್ಟ ಸಂಗತಿಗಳು ನಡೆದವು. ಮುಚ್ಚಿಟ್ಟ ಲ್ಯಾಪ್‌ಟಾಪಿನಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ತೆರೆದಾಗ ಪರದೆಯ ನೆತ್ತಿಯ ಮೇಲಿನ ಕ್ಯಾಮೆರಾದ ಪಕ್ಕ ಒಂದು ಹಸಿರು ಚುಕ್ಕೆ ಹೊತ್ತಿ ಆರುತ್ತಿತ್ತು. ಬಟ್ಟೆ ಮಡಿಸುತ್ತಿದ್ದ ಹೆಂಡತಿ ಒಂದು ಮಧ್ಯಾಹ್ನ, “ರೀ, ನಿಮ್ಮ ಡಬ್ಬ ತಾನೇ ತಾನಾಗಿ ಉಸಿರಾಡ್ತಾ ಇದೆ. ಜೀವ ಬಂದಿದೆಯೋ ಏನೋ, ಒಂದು ಲೋಟ ಹಾಲು ಇಡ್ಲಾ?” ಎಂದು ನಕ್ಕಳು. ಸಾಹೇಬರೂ ನಕ್ಕರು. ಹಳೆಯ ಯಂತ್ರ, ಧೂಳು ಸೇರಿದೆ ಎಂದರು.

ಹನ್ನೊಂದನೆಯ ದಿನ ಬೆಳಿಗ್ಗೆ ಕಚೇರಿಗೆ ಹೊರಡುವ ಮುನ್ನ ಪರದೆ ತೆರೆದರೆ, ಅಲ್ಲಿ ಅವರದೇ ಚಿತ್ರ. ಬನಿಯನ್ನು ತೊಟ್ಟು, ಬಾಯಿ ಅರೆ ತೆರೆದು, ಗೆದ್ದ ಸಂಭ್ರಮದಲ್ಲಿ ಹಲ್ಲು ಕಿರಿದ ಮುಖ. ಹಿಂದೆ ಗೋಡೆಗೊರಗಿ ಕಂದು ಪೆಟ್ಟಿಗೆ. ತಾವು ಹೀಗೆ ಕಾಣುತ್ತೇವೆಂದು ಅವರಿಗೆ ಗೊತ್ತಿರಲಿಲ್ಲ. ಚಿತ್ರದ ಕೆಳಗೆ ಬರಹ:

‘ಸಾಹೇಬರೇ, ನೀವು ಗೋಡೆಯಾಚೆ ನೋಡುತ್ತಿದ್ದಾಗ ನಾವು ನಿಮ್ಮ ಗೋಡೆಯೊಳಗೆ ನೋಡುತ್ತಿದ್ದೆವು. ಇನ್ನೂರ ಹದಿನಾಲ್ಕು ತಕ್ಕಡಿಗಳ ಗುಟ್ಟಿನ ಸಂಖ್ಯೆ ನಮ್ಮಲ್ಲಿದೆ. ನಂಬಿಕೆ ಬರಲೆಂದು ಮಾದರಿಗೆ ಒಂದನ್ನು ತೆರೆದು ತಿದ್ದಿದ್ದೇವೆ. ಮುದ್ರೆ ಮುರಿದಿಲ್ಲ. ಯಾವುದೆಂದು ನೀವೇ ಹುಡುಕಿ. ಮುಂದೆ ನಾವು ಹೆಸರಿಸುವ ಅಂಗಡಿಗಳ ಹೊಸ್ತಿಲು ನೀವು ತುಳಿಯಬಾರದು. ಬಾಯಿ ಬಿಟ್ಟರೆ, ನಿಮ್ಮ ಆಟದ ಗುಟ್ಟು ಮೊದಲು ತಲುಪುವುದು ನಿಮ್ಮ ಮಗಳನ್ನು.’

ಸಾಹೇಬರು ಪರದೆ ಮುಚ್ಚಿದರು. ತಂತಿ ಕಿತ್ತರು. ಲ್ಯಾಪ್‌ಟಾಪನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಹೆಣವನ್ನು ಎತ್ತುವಂತೆ ಎರಡೂ ಕೈಯಲ್ಲಿ ಎತ್ತಿ ಅಟ್ಟದ ಮೇಲಿಟ್ಟರು. ಇನ್ನು ಮಾಡಬೇಕಾದದ್ದು ಒಂದೇ ಇತ್ತು: ಕಚೇರಿಗೆ ಹೋಗಿ, ಮೇಲಧಿಕಾರಿಯ ಮುಂದೆ ನಿಂತು, ನಡೆದದ್ದನ್ನು ಹೇಳಿ, ಇನ್ನೂರ ಹದಿನಾಲ್ಕು ಸಂಖ್ಯೆಗಳನ್ನೂ ಅಂದೇ ಬದಲಾಯಿಸುವುದು. ಅರ್ಧ ದಿನದ ಅವಮಾನ, ಒಂದು ವಾರದ ಕೆಲಸ. ಆದರೆ ಹೇಳಿದರೆ ಮಗಳಿಗೆ ತಿಳಿಯುತ್ತದೆ. ತಟ್ಟೆ ಎತ್ತಿ ನೋಡೆಂದು ಅವಳಿಗೆ ಅಕ್ಷರಕ್ಕೆ ಮೊದಲೇ ಕಲಿಸಿದ ಅಪ್ಪನ ತಟ್ಟೆಯ ಕೆಳಗೆ ಏನಿತ್ತೆಂದು ತಿಳಿಯುತ್ತದೆ.

ಅವರು ಹೇಳಲಿಲ್ಲ. ಒಂದನ್ನು ತಾನೆ ತಿದ್ದಿರುವುದು, ಅದನ್ನು ತಾವೇ ಹುಡುಕಿ ಸರಿಪಡಿಸಿದರೆ ಯಾರಿಗೆ ನಷ್ಟ ಎಂದುಕೊಂಡರು. ಸಂಖ್ಯೆಗಳನ್ನು ಸುಮ್ಮನೆ ಒಂದೊಂದಾಗಿ ಬದಲಿಸಿದರಾಯಿತು ಎಂದುಕೊಂಡರು. ಮಗಳಿಗೆ ‘ಲ್ಯಾಪ್‌ಟಾಪು ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೇನೆ’ ಎಂದು ಸಂದೇಶ ಕಳಿಸಿದರು. ಕೊನೆಯ ಸುತ್ತುಗಳಿಗೆ ಒಂದು ತಿಂಗಳು ಬಿಡುವಿದ್ದದ್ದು ಒಳ್ಳೆಯದಾಯಿತೆಂದು ಸಮಾಧಾನಪಟ್ಟರು. ಕಳ್ಳನಿಗೂ ಪಂಚಾಂಗ ಅನುಕೂಲವಾಗಿಯೇ ಕಾಣುತ್ತದೆ.

ಪೇಟೆಯಲ್ಲಿ ಅಂದಿನಿಂದ ತಪಾಸಣೆಯ ಮಳೆ. ಕಿರಾಣಿ ಅಂಗಡಿ, ಮಾಂಸದಂಗಡಿ, ಚಿನ್ನದಂಗಡಿ, ಮೀನಿನವರು, ಹಳೆ ಪೇಪರಿನವನು, ಯಾರನ್ನೂ ಬಿಡಲಿಲ್ಲ.

“ಏನ್ ಸಾಹೇಬ್ರೇ,” ಎಂದ ಈರುಳ್ಳಿಯವನು, “ವರ್ಷಕ್ಕೊಂದ್ಸಲ ಹಿಡೀತಿದ್ದ ಗ್ರಹಣ ಈಗ ವಾರವಾರ ಹಿಡೀತಾ ಇದೆ? ನಮ್ ಜಾತಕದಲ್ಲಿ ದೋಷಾನಾ, ನಿಮ್ ಜಾತಕದಲ್ಲಾ?”

“ಬಾಯಿ ಮುಚ್ಚಿ ತಟ್ಟೆ ಎತ್ತು.”

“ಎತ್ತಿದ್ದೀನಿ, ನೋಡ್ಕೊಳ್ಳಿ. ಅಯಸ್ಕಾಂತ ಇಲ್ಲ, ಮೇಣ ಇಲ್ಲ. ನಿಮ್ ಮುದ್ರೆ ಇದೆ, ಮದುಮಗಳ ಬೈತಲೆ ಹಾಗೆ ನೆಟ್ಟಗಿದೆ.”

ಮುದ್ರೆ ನೆಟ್ಟಗಿರುವುದೇ ಈಗ ಅವರಿಗೆ ಭಯ. ಅಂಕಿ ಸರಿ ಬಂದಾಗ ಸಂಕಟ ಕಡಿಮೆಯಾಗುವ ಬದಲು ಹೆಚ್ಚುತ್ತಿತ್ತು. ಇದಲ್ಲ, ಹಾಗಾದರೆ ಮುಂದಿನದು. ಅದೂ ಅಲ್ಲ, ಅದರ ಮುಂದಿನದು. ಬೀದಿಯಲ್ಲಿ ಎದುರಾದ ಅಪರಿಚಿತರೆಲ್ಲ ತಮ್ಮ ಬನಿಯನ್ನಿನ ಚಿತ್ರವನ್ನು ನೋಡಿದವರಂತೆ ಕಾಣುತ್ತಿದ್ದರು. ಇಪ್ಪತ್ತೆರಡು ದಿನಗಳಲ್ಲಿ ಇನ್ನೂರ ಆರು ತಕ್ಕಡಿಗಳನ್ನು ತೂಗಿ, ಇನ್ನೂರ ಆರರ ಸಂಖ್ಯೆಯನ್ನೂ ಬದಲಿಸಿದರು. ಒಂದರಲ್ಲೂ ಒಂದು ಗ್ರಾಮಿನ ವ್ಯತ್ಯಾಸ ಸಿಗಲಿಲ್ಲ. ಉಳಿದ ಎಂಟು ಅಂಗಡಿಯವಲ್ಲ, ವ್ಯಾಪಾರದವಲ್ಲ. ಲಾಭವಿಲ್ಲದ ಕಡೆ ಮೋಸವೆಲ್ಲಿಯದು? ಇಲಾಖೆಯ ಪಾಠವೇ ಅದು. ತಿಂಗಳ ಕೊನೆಗೆ ನೋಡಿದರಾಯಿತು. ಆ ದುರುಳ ಬರಿದೇ ಹೆದರಿಸಿದ್ದಾನೆ ಎಂದು ಸಾಹೇಬರು ಅಂದು ಮೊದಲ ಬಾರಿಗೆ ಹೊಟ್ಟೆ ತುಂಬ ಉಂಡರು.

ಮರುದಿನ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಮಗಳ ಫೋನು.

“ಅಪ್ಪಾ, ಒಂದು ಕೇಳ್ತೀನಿ. ಬೈಕೋಬೇಡ.”

“ಕೇಳು ಪುಟ್ಟೀ.”

“ಮುಂದಿನ ಸುತ್ತಿಗೆ ಅಂತ ಹಳೇ ಪಂದ್ಯಗಳ ರೆಕಾರ್ಡು ಹಾಕ್ಕೊಂಡು ನೋಡ್ತಾ ಇದ್ದೆ. ಎಲ್ಲರದೂ. ನಿನ್ನದೂ.” ಅವಳು ನಿಲ್ಲಿಸಿದಳು. “ಗೋಡೆ ಹಿಂದೆ ಒಬ್ಬ ನಡೀತಾ ಇರ್ತಾನೆ. ಅವನು ಎಡಕ್ಕೆ ಹೋದ್ರೆ ನಿನ್ನ ಬಂದೂಕಿನ ತುದಿ ಎಡಕ್ಕೆ ಹೋಗತ್ತೆ. ಬಲಕ್ಕೆ ಬಂದ್ರೆ ಬಲಕ್ಕೆ. ಅವನು ನಿಂತ್ರೆ ನೀನೂ ನಿಲ್ತೀಯ. ಒಂದ್ಸಲ ಅಲ್ಲ, ಹದಿನಾಲ್ಕು ಸಲ ಎಣಿಸಿದೆ.”

ಪಕ್ಕದಲ್ಲಿ ಹೆಂಡತಿ ಅವರೆಕಾಳು ಸುಲಿಯುತ್ತಿದ್ದಳು. ಗಂಡನ ಮುಖ ನೋಡಿ ಅವಳ ಕೈ ನಿಂತಿತು.

“ಮೊಸಳೆ ಹೇಳ್ದ, ‘ಬಿಡೇ, ಅಂಕಲ್ ಅದೃಷ್ಟ’ ಅಂತ. ನಾನು ಹೇಳ್ದೆ, ನಮ್ಮಪ್ಪ ತಕ್ಕಡಿ ಇನ್ಸ್‌ಪೆಕ್ಟರು, ನಾನು ಅವರ ಮಗಳು, ತಟ್ಟೆ ಎತ್ತಿ ನೋಡದೆ ನಂಬಲ್ಲ ಅಂತ. ಎತ್ತಿ ನೋಡಿದ್ದೀನಿ. ನೀನೇ ಹೇಳು.”

ಇಪ್ಪತ್ತೆರಡು ದಿನ ಬಚ್ಚಿಟ್ಟಿದ್ದದ್ದು ಒಮ್ಮೆಗೇ ಹೊರಬಂತು. ಭಾರ ಎಂಬ ಮಾತು ಕೇಳಿಸಿಕೊಂಡದ್ದು, ಹಿತೈಷಿ, ಹಸಿರು ಗುರುತು, ಮಲಗಿಸಿದ ಕಾವಲು, ಚಿತ್ರ, ಸಂಖ್ಯೆಗಳು, ತಿದ್ದಿದ ಒಂದು ತಕ್ಕಡಿ, ಎಲ್ಲವನ್ನೂ ಅವರು ತಡವರಿಸುತ್ತ ಹೇಳಿದರು. ಹೆಂಡತಿ ಕಾಳಿನ ತಟ್ಟೆಯನ್ನು ಸದ್ದಾಗದಂತೆ ಕೆಳಗಿಟ್ಟಳು.

ಮಗಳು ಅಳಲಿಲ್ಲ, ರೇಗಲಿಲ್ಲ. ಅವಳು ಮಾತಾಡಿದಾಗ ದನಿ ಸಾಹೇಬರದಂತೆಯೇ ಇತ್ತು; ತಪ್ಪು ತೂಕದ ಅಂಗಡಿಯಲ್ಲಿ ನಿಂತಾಗಿನ ಅವರ ದನಿ.

“ಆಟದವರಿಗೆ ಇವತ್ತೇ ಬರೀತೀನಿ. ನಾಲ್ಕೂ ಜನಾನ ಹೊರಗೆ ಹಾಕ್ತಾರೆ, ಹಾಕ್ಲಿ. ಅದು ಬಿಡು. ಆ ತಕ್ಕಡಿ ಸಿಕ್ತಾ?”

“ಇಲ್ಲ ಕಂದ. ಅಂಗಡಿಗಳನ್ನೆಲ್ಲ ಜಾಲಾಡಿದೆ. ಎಲ್ಲ ಸರಿಯಾಗಿದೆ. ಸುಮ್ನೆ ಹೆದರಿಸೋಕೆ ಬರೆದಿರಬೇಕು.”

“ಅಂಗಡಿಗಳನ್ನ ಮಾತ್ರಾನಾ?”

“ಮತ್ತೆ? ಮೋಸ ಮಾಡಿ ಲಾಭ ಆಗೋದು ಅಂಗಡಿಯವರಿಗೇ ಅಲ್ವಾ?”

“ಅಪ್ಪಾ, ಅದು ಬರೀ ಮಾದರಿ, ಅದರಲ್ಲಿ ಅವನಿಗೆ ಬೇಕಾಗಿದ್ದು ಲಾಭ ಅಲ್ಲ. ನಿನಗೆ ಸಿಗಬಾರದು ಅನ್ನೋದು.” ಅವಳ ಉಸಿರು ಕೇಳಿಸಿತು. “ನನ್ನನ್ನ ತೂಗ್ತಿದ್ರಲ್ಲ, ಅಲ್ಲಿ ನೋಡಿದ್ಯಾ?”

ಸಾಹೇಬರು ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಎದ್ದು ನಿಂತರು.

ಮಗಳು ಹುಟ್ಟಿದಾಗ ಒಂದು ಕಿಲೋ ಏಳುನೂರು ಗ್ರಾಂ. ಅಂಗೈಯಗಲದ ಜೀವ. ಎರಡು ಬೀದಿಯಾಚೆಯ ಮಕ್ಕಳ ಆರೋಗ್ಯ ಕೇಂದ್ರದಲ್ಲಿ ಪ್ರತಿ ವಾರ ಅವಳನ್ನು ತೂಗಿಸಿ, ಇಪ್ಪತ್ತು ಗ್ರಾಂ ಏರಿದರೆ ಹಬ್ಬ, ಹತ್ತು ಇಳಿದರೆ ಉಪವಾಸ ಎಂಬಂತೆ ಅವರು ಗಂಡಹೆಂಡಿರು ಆ ವರ್ಷವನ್ನು ದಾಟಿದ್ದರು. ಆ ಋಣಕ್ಕೆ ಕೇಂದ್ರದ ತಕ್ಕಡಿಗೆ ಪ್ರತಿ ವರ್ಷವೂ ಮೊದಲ ಮುದ್ರೆ. ವ್ಯಾಪಾರವಿಲ್ಲದ ಎಂಟು ತಕ್ಕಡಿಗಳಲ್ಲಿ ಅದೂ ಒಂದು.

ಕೇಂದ್ರ ಭಾನುವಾರವೂ ತೆರೆದಿರುತ್ತಿತ್ತು. ದುಡಿಯುವ ತಾಯಂದಿರಿಗೆ ಬಿಡುವು ಸಿಗುವುದು ಆ ದಿನವೇ. ಸಾಹೇಬರು ಕಂದು ಪೆಟ್ಟಿಗೆ ಹೊತ್ತು ಮೆಟ್ಟಿಲೇರಿದಾಗ ಹೊರಗಿನ ಬೆಂಚಿನಲ್ಲಿ ನಾಲ್ಕಾರು ಹೆಂಗಸರು ಕೂಸುಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನಗುನಗುತ್ತ ಮಾತಾಡುತ್ತಿದ್ದರು. “ನಮ್ಮದು ಹೋದ ಸಲ ಅರ್ಧ ಕಿಲೋ ಏರಿತ್ತು ಕಣಕ್ಕಾ, ನಂಬೋಕೇ ಆಗಲಿಲ್ಲ.” “ನಮ್ಮದೂ ಅಷ್ಟೇ. ಕಣ್ಣಿಗೇನೋ ಸೊರಗಿದ ಹಾಗೆ ಕಾಣತ್ತೆ. ತೂಕ ನೋಡಿದ್ರೆ ಚೆನ್ನಾಗಿದೆ, ಮತ್ಯಾಕೆ ಚಿಂತೆ?”

ಆ ಮಾತು ಕೇಳಿ ಸಾಹೇಬರ ಕಾಲು ಹೊಸ್ತಿಲಲ್ಲೇ ತಡೆಯಿತು.

ಒಳಗೆ ಹಿರಿಯ ನರ್ಸಮ್ಮ. ಮಗಳನ್ನು ಅಂದು ತೂಗಿದ ಕೈ ಅವರದೇ. “ಬನ್ನಿ ಸಾಹೇಬ್ರೇ, ಈ ವರ್ಷ ಎರಡನೇ ಸಲ! ಮಗಳು ಹೇಗಿದ್ದಾಳೆ?” ಎಂದರು.

ಸಾಹೇಬರು ನೆಟ್ಟಗೆ ತಕ್ಕಡಿಯ ಬಳಿಗೆ ಹೋದರು. ಮಗು ಮಲಗಿಸುವ ತಗ್ಗು ತಟ್ಟೆಯನ್ನೆತ್ತಿದರು, ಬೆರಳಾಡಿಸಿದರು. ಸ್ವಚ್ಛ. ಮುದ್ರೆ ನೋಡಿದರು. ತಂತಿ ಬಿಗಿ, ಸೀಸದ ಮೇಲೆ ತಮ್ಮದೇ ಗುರುತು, ತಿಂಗಳ ಹಿಂದೆ ಒತ್ತಿದ ಹಾಗೆಯೇ. ಐದು ಕಿಲೋ ಬಟ್ಟನ್ನು ತೆಗೆದರು. ಚರ್ಮದ ತುಂಡಿನಿಂದ ಒರೆಸಲು ಮರೆತರು. ತಟ್ಟೆಯ ನಡುವೆ ಇಟ್ಟರು.

ಐದು ಕಿಲೋ ಆರುನೂರು ಗ್ರಾಂ.

ಮೂಲೆಗೆ ಸರಿಸಿದರು. ಐದು ಆರುನೂರು. ಇನ್ನೊಂದು ಮೂಲೆ. ಐದು ಆರುನೂರು. ಐದು ಸಲವೂ ಯಂತ್ರ ಒಂದೇ ಸುಳ್ಳನ್ನು ಅಚ್ಚುಕಟ್ಟಾಗಿ, ಮುದ್ರೆಯ ಸಾಕ್ಷಿಯಲ್ಲಿ ಹೇಳಿತು.

“ಇದಕ್ಕೆ ಯಾರಾದ್ರೂ ಕೈ ಹಚ್ಚಿದ್ರಾ, ನರ್ಸಮ್ಮಾ?”

“ಇಲ್ವಲ್ಲ... ಹಾಂ, ಕಂಪನಿಯಿಂದ ಬಂದಿದ್ದೀನಿ ಅಂತ ಒಬ್ಬ ಬಂದಿದ್ದ. ಒಳ್ಳೇ ಬಟ್ಟೆ, ಒಳ್ಳೇ ಮಾತು. ನಾಲ್ಕಾರು ಗುಂಡಿ ಒತ್ತಿ, ಪರೀಕ್ಷೆ ಆಯ್ತು ಅಂತ ಹೊರಟ. ಮುದ್ರೆ ಮುಟ್ಟಲಿಲ್ಲ ಸಾಹೇಬ್ರೇ, ನಾನು ಪಕ್ಕದಲ್ಲೇ ನಿಂತಿದ್ದೆ. ನೀವೇ ಹೇಳಿದ್ರಲ್ಲ, ಮುದ್ರೆ ಮುರೀದಿದ್ರೆ ಒಳಗೆ ಮೋಸ ಇಲ್ಲ ಅಂತ.”

“ಯಾವತ್ತು?”

ನರ್ಸಮ್ಮ ದಿನ ಹೇಳಿದರು. ಸಾಹೇಬರ ಚಿತ್ರ ಪರದೆಯ ಮೇಲೆ ಮೂಡಿದ್ದಕ್ಕೆ ಒಂದು ದಿನ ಮೊದಲು.

ನರ್ಸಮ್ಮ ದಡ್ಡರಲ್ಲ. ಹಿತ್ತಾಳೆಯ ಬಟ್ಟಿನ ಮೇಲೆ ಕೊರೆದ ಅಂಕಿಯನ್ನು ನೋಡಿದರು, ಪರದೆಯ ಅಂಕಿಯನ್ನು ನೋಡಿದರು. ಮೇಜಿನಿಂದ ಉದ್ದನೆಯ ರಿಜಿಸ್ಟರನ್ನೆಳೆದು ಪುಟಗಳನ್ನು ಹಿಂದಕ್ಕೆ ತಿರುವತೊಡಗಿದರು. ಸೊರಗಿದ ಮಕ್ಕಳ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುವುದು ಅಲ್ಲಿಯ ಪದ್ಧತಿ. ಕೆಂಪು ಗೆರೆಯ ಮಗುವಿಗೆ ಪುಷ್ಟಿಯ ಪುಡಿ, ಔಷಧಿ, ಮೂರು ದಿನಕ್ಕೊಮ್ಮೆ ಮನೆಗೆ ಭೇಟಿ. ತೂಕ ಏರಿದರೆ ಗೆರೆಯ ಮೇಲೆ ಅಡ್ಡಗೀಟು ಎಳೆದು ಎಲ್ಲವನ್ನೂ ನಿಲ್ಲಿಸುವರು.

“ಮೂರು ವಾರದಲ್ಲಿ ಒಂಬತ್ತು ಅಡ್ಡಗೀಟು ಹಾಕಿದ್ದೀನಿ” ಎಂದರು ನರ್ಸಮ್ಮ. ಬೆರಳು ಪುಟದ ಮೇಲೆ ಇಳಿಯುತ್ತ ಹೋಯಿತು. “ಇಷ್ಟು ಚೆನ್ನಾಗಿ ಯಾವ ವರ್ಷವೂ ಮಕ್ಕಳು ಏರಿರಲಿಲ್ಲ ಅಂತ ಡಾಕ್ಟ್ರು ನನ್ನ ಬೆನ್ನು ತಟ್ಟಿದ್ರು.”

“ನಾನು ಇಪ್ಪತ್ತೆರಡು ದಿನ ಸುಮ್ಮನಿದ್ದೆ” ಎಂದರು ಸಾಹೇಬರು. “ನನಗೆ ಗೊತ್ತಿತ್ತು, ನರ್ಸಮ್ಮ. ಯಾವುದೋ ಒಂದು ತಕ್ಕಡಿ ಅಂತ ಗೊತ್ತಿತ್ತು.”

ನರ್ಸಮ್ಮ ತಲೆಯೆತ್ತಿ ಅವರನ್ನೇ ನೋಡಿದರು. ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಸಾಹೇಬರು ಏನು ಹೇಳುತ್ತಿದ್ದರು? ಮಗಳ ಮುಂದೆ ಹಗುರಾಗಬಾರದೆಂದೆ? ತಮ್ಮ ಮಗಳ ಕಣ್ಣಿನಲ್ಲಿ ಒಂದು ಗುಲಗಂಜಿ ತೂಕ ಕಡಿಮೆಯಾಗದಿರಲೆಂದು ಅವರು ಪರರ ಒಂಬತ್ತು ಮಕ್ಕಳನ್ನು ಇನ್ನೊಂದು ತಟ್ಟೆಯಲ್ಲಿ ಇಟ್ಟಿದ್ದರು. ಗೊತ್ತಿಲ್ಲದೆ ಇಟ್ಟೆ ಎಂಬ ಮಾತಿಗೆ ಯಾವ ಬಟ್ಟೂ ಇಲ್ಲ.

ಸಾಹೇಬರು ಇಕ್ಕಳ ತೆಗೆದು ತಮ್ಮ ಮುದ್ರೆಯನ್ನು ತಾವೇ ಕತ್ತರಿಸಿದರು. ಸೀಸದ ಬಿಲ್ಲೆ ಮೇಜಿನಿಂದುರುಳಿ ನೆಲಕ್ಕೆ ಬಿತ್ತು. ಯಂತ್ರ ಬಳಸಕೂಡದೆಂಬ ಕೆಂಪು ಚೀಟಿಯನ್ನು ಪರದೆಯ ಮೇಲೆ ಅಂಟಿಸಿದರು. ಅಲ್ಲಿಂದಲೇ ಮೇಲಧಿಕಾರಿಗೆ ಫೋನು ಮಾಡಿ, ಉಳಿದ ಏಳು ತಕ್ಕಡಿಗಳಿರುವ ಜಾಗಗಳನ್ನೂ ತಮ್ಮ ತಪ್ಪನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಆ ಕಡೆಯ ಕೂಗಾಟವನ್ನು ಪೂರ್ತಿ ಕೇಳಿಸಿಕೊಳ್ಳುವಷ್ಟು ವ್ಯವಧಾನ ಅವರಿಗಿರಲಿಲ್ಲ.

“ಎಂಟು ಮಕ್ಕಳು ಬರ್ತಾ ಇದ್ದಾವೆ” ಎಂದರು ನರ್ಸಮ್ಮ, ಪುಟದಿಂದ ಕಣ್ಣೆತ್ತದೆ. “ಹೊರಗೇ ಕೂತಿದ್ದಾವೆ ಕೆಲವು. ಇವತ್ತೇ ಹಳೇ ತಕ್ಕಡೀಲಿ ತೂಗ್ತೀನಿ, ಪುಡಿ ಮತ್ತೆ ಶುರು ಮಾಡ್ತೀನಿ.”

“ಒಂಬತ್ತನೆಯದು?”

ನರ್ಸಮ್ಮನ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. “ಇದು ಎಲ್ಲಕ್ಕಿಂತ ಸಣ್ಣದು. ನಿಮ್ಮ ಮಗಳ ಹಾಗೇ, ಅಂಗೈಯಷ್ಟಿತ್ತು. ಮೊದಲನೇ ವಾರವೇ ಗೀಟು ಹಾಕ್ದೆ. ತಾಯಿ ಎಷ್ಟು ಖುಷಿಪಟ್ಟು ಹೋದ್ಲು ಅಂದ್ರೆ...” ಅವರು ರಿಜಿಸ್ಟರು ಮುಚ್ಚಿದರು. “ಇನ್ನು ಪ್ರತಿ ವಾರ ಬರಬೇಕಾಗಿಲ್ಲ ಅಂತ ನಾನೇ ಹೇಳ್ದೆ. ಆಮೇಲೆ ಬಂದಿಲ್ಲ. ಮನೆ ಇಲ್ಲೇ, ಹಿಂದಿನ ಬೀದಿ, ನೀಲಿ ಬಾಗಿಲು.”

ಕೇಂದ್ರದ ಮೂಲೆಯಲ್ಲಿ ಹಳೆಯ ಕಾಲದ ತೂಗು ತಕ್ಕಡಿಯೊಂದಿತ್ತು, ಜೋಲಿಯಲ್ಲಿ ಮಗುವನ್ನು ಮಲಗಿಸಿ ಕೊಕ್ಕೆಗೆ ನೇತುಹಾಕುವಂಥದು. ಅಂಥದೇ ಇನ್ನೊಂದನ್ನು ಬೀರುವಿನಿಂದ ತೆಗೆದು ನರ್ಸಮ್ಮ ಅವರ ಕೈಗಿತ್ತರು. ಸಾಹೇಬರು ಮೊದಲು ಅದರ ಕೊಕ್ಕೆಗೆ ಐದು ಕಿಲೋ ಬಟ್ಟನ್ನು ಬಟ್ಟೆಯಲ್ಲಿ ಕಟ್ಟಿ ತೂಗುಬಿಟ್ಟು ನೋಡಿದರು. ಮುಳ್ಳು ಐದರ ಮೇಲೆ ಬಂದು ನಿಂತಿತು. ಆಮೇಲೆಯೇ ಹೊರಟರು.

ಬೆಂಚಿನ ಹೆಂಗಸರು ಇನ್ನೂ ನಗುತ್ತಿದ್ದರು. ಒಬ್ಬಾಕೆ ದಾರಿ ಬಿಡಲೆಂದು ಕಾಲು ಮಡಿಸಿ, “ತೂಕ ಸರಿ ಇದ್ಯಾ ಸಾಹೇಬ್ರೇ?” ಎಂದು ಸುಮ್ಮನೆ ಕೇಳಿದಳು. ಅವರು ತಲೆ ತಗ್ಗಿಸಿ ಮೆಟ್ಟಿಲಿಳಿದರು. ಜೇಬಿನಲ್ಲಿ ಫೋನು ಒಮ್ಮೆ ನಡುಗಿತು. ಮಗಳ ಸಂದೇಶ: ‘ಸಿಕ್ತಾ?’

ಹಿಂದಿನ ಬೀದಿ ಬಿಸಿಲಿನಲ್ಲಿ ಬಿಕೋ ಎನ್ನುತ್ತಿತ್ತು. ನೀಲಿ ಬಾಗಿಲು ಮುಚ್ಚಿತ್ತು. ಹೊರಗಿನ ತಂತಿಯ ಮೇಲೆ ಮೂರು ಪುಟ್ಟ ಅಂಗಿಗಳು ಒಣಗಿ ಗರಿಗರಿಯಾಗಿ, ಯಾರೂ ತೆಗೆಯದೆ ನೇತಾಡುತ್ತಿದ್ದವು. ಸಾಹೇಬರು ಪೆಟ್ಟಿಗೆಯನ್ನು ಕೆಳಗಿಟ್ಟು ಕದ ತಟ್ಟಿದರು. ಮತ್ತೆ ತಟ್ಟಿದರು. ಗೋಡೆಯಾಚೆ ನೋಡುವ ಕಣ್ಣು ಈಗ ಅವರಿಗಿರಲಿಲ್ಲ. ನೀಲಿ ಹಲಗೆಗೆ ಕಿವಿ ಹಚ್ಚಿ, ಒಳಗಿನಿಂದ ಒಂದೇ ಒಂದು ಅಳು ಕೇಳಿಸಲಿ ಎಂದು ಉಸಿರು ಬಿಗಿಹಿಡಿದು ನಿಂತರು.